ನಕ್ಷೆಯ ಗಣಿತವೂ ಬೇಡದ ಬಳಸುದಾರಿಯೂ

ಮೋಟಾರು ಸೈಕಲ್ಲಿನಲ್ಲಿ ದೂರಪ್ರಯಾಣ ಹೊರಡುವವರು ತಮ್ಮ ದಾರಿಯನ್ನು ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಅಥವಾ ಮೊಬೈಲಿನ ನಕ್ಷೆಯ ಮೇಲೆ ಗೊತ್ತುಮಾಡಿಕೊಳ್ಳುವುದು ಈಗ ವಾಡಿಕೆಯಾಗಿದೆ. ಹೊರಡುವ ಊರು, ಸೇರುವ ಊರು, ನಡುವೆ ಹಾದುಹೋಗಬೇಕಾದ ನಾಲ್ಕಾರು ಎಡೆಗಳು, ಇಷ್ಟನ್ನು ಬೆರಳಿನಿಂದ ಗುರುತಿಸಿದರೆ ಸಾಕು. ತಂತ್ರಾಂಶವು ಕಣ್ಣು ಮಿಟುಕಿಸುವುದರೊಳಗಾಗಿ ನೀಲಿಯ ಗೆರೆಯೊಂದನ್ನು ಎಳೆದು ತೋರಿಸುತ್ತದೆ. ಆದರೆ ಆ ಗೆರೆಯನ್ನು ಹತ್ತಿರದಿಂದ ನೋಡಿದಾಗ ಅಲ್ಲಲ್ಲಿ ವಿಚಿತ್ರವಾದ ಬಾಲಗಳೂ ಕುಣಿಕೆಗಳೂ ಕಾಣಿಸುವುದುಂಟು. ನೇರವಾಗಿ ಸಾಗಬೇಕಾದ ಗೆರೆಯು ಪಕ್ಕದ ಓಣಿಯೊಂದನ್ನು ಹೊಕ್ಕು, ಇನ್ನೂರು ಮೀಟರು ನಡೆದು, ಬಂದ ದಾರಿಯಲ್ಲೇ ಹಿಂದಿರುಗಿರುತ್ತದೆ. ಸವಾರನು ಇದನ್ನು ಮನೆಯಲ್ಲಿ ಗಮನಿಸದೆ ಹೊರಟನೆನ್ನಿ. ವಾಹನಗಳು ಭರದಿಂದ ನುಗ್ಗುತ್ತಿರುವ ಹೆದ್ದಾರಿಯ ನಡುವೆ "ಹಿಂದಕ್ಕೆ ತಿರುಗಿ" ಎಂಬ ಆಜ್ಞೆಯನ್ನು ಕೇಳಿ ತಬ್ಬಿಬ್ಬಾಗುವನು. ವೇಗವನ್ನು ತಗ್ಗಿಸಿ ಅತ್ತಿತ್ತ ನೋಡುವ ಆ ಕ್ಷಣದಲ್ಲಿ ಪ್ರಾಣಾಪಾಯವಿದೆ. ಇಂತಹ ಬಳಸುದಾರಿಗಳು ಹೇಗೆ ಹುಟ್ಟುತ್ತವೆ, ಅವನ್ನು ತಿದ್ದುವ ಬಗೆ ಯಾವುದು ಎಂಬುದನ್ನು ವಿಚಾರಿಸೋಣ.

ತಂತ್ರಾಂಶವು ರಸ್ತೆಯನ್ನು ಯಾವ ರೂಪದಲ್ಲಿ ಕಾಣುತ್ತದೆಂಬುದನ್ನು ಮೊದಲು ತಿಳಿಯಬೇಕು. ನಮಗೆ ರಸ್ತೆಯೆಂದರೆ ಡಾಂಬರು, ಸಾಲುಮರ, ಮೈಲಿಗಲ್ಲು. ಯಂತ್ರಕ್ಕಾದರೋ ಅದು ಬಿಂದುಗಳನ್ನು ಜೋಡಿಸುವ ಗೆರೆಗಳ ಒಂದು ಬಲೆ ಮಾತ್ರ. ರಸ್ತೆಗಳು ಕೂಡುವ ಎಡೆಗಳೆಲ್ಲ ಬಿಂದುಗಳು. ಅವುಗಳ ನಡುವಣ ರಸ್ತೆಯ ತುಂಡುಗಳೇ ಗೆರೆಗಳು. ಪ್ರತಿಯೊಂದು ಗೆರೆಗೂ ಒಂದು ಬೆಲೆ ಕಟ್ಟಲ್ಪಟ್ಟಿರುತ್ತದೆ. ಆ ಬೆಲೆ ಸಾಮಾನ್ಯವಾಗಿ ದೂರವಲ್ಲ, ಕಾಲ. ಒಂದೂರಿನಿಂದ ಇನ್ನೊಂದೂರಿಗೆ 12 ಕಿ.ಮೀ. ಹೆದ್ದಾರಿಯೂ 9 ಕಿ.ಮೀ. ಹಳ್ಳಿಯ ದಾರಿಯೂ ಇವೆಯೆಂದು ಭಾವಿಸೋಣ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗವಾದರೆ 12 ನಿಮಿಷ ಬೇಕು; ಹಳ್ಳಿಯ ದಾರಿಯಲ್ಲಿ 30 ಕಿ.ಮೀ. ವೇಗವಾದರೆ 18 ನಿಮಿಷ ಬೇಕು. "ಬೇಗನೆ ತಲುಪುವ ದಾರಿ" ಎಂದು ಕೇಳಿದವನಿಗೆ ಮೊದಲನೆಯದೂ, "ಹತ್ತಿರದ ದಾರಿ" ಎಂದು ಕೇಳಿದವನಿಗೆ ಎರಡನೆಯದೂ ದೊರೆಯುತ್ತದೆ. ಯಂತ್ರದ ಮೇಲೆ ನಾವು ಹೊರಿಸುವ ದೂರುಗಳಲ್ಲಿ ಒಂದು ಪಾಲು ಈ ಒಂದು ಆಯ್ಕೆಯನ್ನು ಬದಲಿಸಿದೊಡನೆ ಬಗೆಹರಿಯುತ್ತದೆ.

ಬಲೆಯಲ್ಲಿ ಅತ್ಯಂತ ಅಗ್ಗದ ದಾರಿಯನ್ನು ಹುಡುಕುವ ಕ್ರಮವನ್ನು ನೆದರ್ಲೆಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರ ಎಂಬ ವಿಜ್ಞಾನಿ 1956ರಲ್ಲಿ ಕಂಡುಹಿಡಿದನು. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ, ಕಾಗದ ಪೆನ್ಸಿಲುಗಳಿಲ್ಲದೆ, ಇಪ್ಪತ್ತು ನಿಮಿಷಗಳಲ್ಲಿ ಇದು ಹೊಳೆಯಿತೆಂದು ಆತನೇ ಹೇಳಿದ್ದಾನೆ. 1959ರಲ್ಲಿ ಅದು ಅಚ್ಚಾಯಿತು. ಗದ್ದೆಬಯಲಿನ ಕಾಲುವೆಗಳಿಗೆ ತೂಬಿನಿಂದ ನೀರು ಬಿಟ್ಟರೆ ಅದು ಎಲ್ಲ ಕವಲುಗಳಲ್ಲಿಯೂ ಏಕಕಾಲಕ್ಕೆ ಹರಡುತ್ತ ಹೋಗುತ್ತದಷ್ಟೆ. ಯಾವುದೊಂದು ಗದ್ದೆಗೆ ನೀರು ಮೊತ್ತಮೊದಲು ಯಾವ ಕವಲಿನಿಂದ ಬಂತೋ ಅದೇ ಆ ಗದ್ದೆಗೆ ಬೇಗನೆ ತಲುಪುವ ದಾರಿ. ಡೈಕ್‌ಸ್ಟ್ರನ ಕ್ರಮವೂ ಹೀಗೆಯೇ. 1968ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು, ಗುರಿಯಿರುವ ದಿಕ್ಕಿನತ್ತ ಹುಡುಕಾಟವು ಹೆಚ್ಚಾಗಿ ವಾಲುವಂತೆ ಇದನ್ನು ಸುಧಾರಿಸಿದರು. ಇಂದಿನ ತಂತ್ರಾಂಶಗಳು ಇನ್ನೂ ಚುರುಕಾದ ಉಪಾಯಗಳನ್ನು ಬಳಸುತ್ತವೆಯಾದರೂ ತಿರುಳು ಅದೇ. ಈ ಗಣಿತವು ತನಗೆ ಕೊಟ್ಟ ಬಲೆಗೂ ಬೆಲೆಗೂ ತಕ್ಕ ಉತ್ತರವನ್ನು ತಪ್ಪದೆ ಕೊಡುತ್ತದೆ. ಆದುದರಿಂದ ವಿಚಿತ್ರವಾದ ಗೆರೆ ಕಂಡಾಗ ಗಣಿತವನ್ನು ಶಂಕಿಸುವುದಕ್ಕಿಂತ ನಾವು ಕೊಟ್ಟ ಪ್ರಶ್ನೆಯನ್ನು ಪರೀಕ್ಷಿಸುವುದೇ ಲೇಸು.

ಪ್ರಶ್ನೆಯಲ್ಲಿ ದೋಷ ಸೇರುವುದು ಬಹುಮಟ್ಟಿಗೆ ನಡುವಣ ಬಿಂದುಗಳಿಂದ. ಸವಾರನು ಬಿಂದುವನ್ನಿಟ್ಟಾಗ "ಸುಮಾರಾಗಿ ಈ ಕಡೆಯಿಂದ ಹೋಗೋಣ" ಎಂದು ಭಾವಿಸುತ್ತಾನೆ. ಯಂತ್ರವು ಅದನ್ನು "ಈ ಬಿಂದುವನ್ನು ಮುಟ್ಟಿಯೇ ಹೋಗತಕ್ಕದ್ದು" ಎಂಬ ಕಟ್ಟಾಜ್ಞೆಯಾಗಿ ತೆಗೆದುಕೊಳ್ಳುತ್ತದೆ. ನಕ್ಷೆಯನ್ನು ಕುಗ್ಗಿಸಿ ನೋಡುತ್ತಿರುವಾಗ ಬೆರಳಿಟ್ಟರೆ ಆಗುವ ಅನರ್ಥವನ್ನು ಲೆಕ್ಕ ಹಾಕಿಯೇ ನೋಡಬಹುದು. ಸಾಮಾನ್ಯ ಜಾಲನಕ್ಷೆಗಳಲ್ಲಿ ಹಿಗ್ಗಿಸುವ ಒಂದೊಂದು ಮೆಟ್ಟಿಲಿಗೂ ಅಳತೆ ಇಮ್ಮಡಿಯಾಗುತ್ತದೆ. ನಮ್ಮ ಮಂಡ್ಯ, ಮೈಸೂರುಗಳ ಅಕ್ಷಾಂಶದಲ್ಲಿ 10ನೆಯ ಮೆಟ್ಟಿಲಿನಲ್ಲಿ ಪರದೆಯ ಒಂದು ಚುಕ್ಕೆಯು ನೆಲದ ಮೇಲೆ ಸುಮಾರು 150 ಮೀಟರಿಗೆ ಸಮ. 17ನೆಯ ಮೆಟ್ಟಿಲಿನಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು. ಮೊದಲನೆಯ ಸ್ಥಿತಿಯಲ್ಲಿ ಹೆದ್ದಾರಿಯ ಮೇಲೆ ಇಟ್ಟೆವೆಂದುಕೊಂಡ ಬಿಂದು ಯಾವುದೋ ತೋಟದ ದಾರಿಯಲ್ಲಿ ಬಿದ್ದಿರುವುದು ಆಶ್ಚರ್ಯವಲ್ಲ. ಬಾಲಗಳು ಹುಟ್ಟುವುದು ಹೀಗೆ.

ಕುಣಿಕೆಗಳ ಕಥೆ ಇನ್ನೂ ಸ್ವಾರಸ್ಯವಾದುದು. ವಿಭಜಕವುಳ್ಳ ಹೆದ್ದಾರಿಯು ನಕ್ಷೆಯ ಬಲೆಯಲ್ಲಿ ಒಂದು ಗೆರೆಯಲ್ಲ, ಎದುರುಬದುರು ದಿಕ್ಕಿನ ಎರಡು ಗೆರೆಗಳು. ಬಿಂದುವು ಎಂಟು ಮೀಟರು ಬಲಕ್ಕೆ ಸರಿದು ಎದುರು ದಿಕ್ಕಿನ ಗೆರೆಯ ಮೇಲೆ ಬಿದ್ದಿತೆನ್ನೋಣ. ತಿರುಗಲು ಅವಕಾಶವಿರುವ ಎಡೆ 1.5 ಕಿ.ಮೀ. ಮುಂದಿದೆ, ಮತ್ತೊಂದು 1 ಕಿ.ಮೀ. ಹಿಂದಿದೆ. ಸವಾರನು 1.5 ಕಿ.ಮೀ. ಮುಂದೆ ಹೋಗಿ ತಿರುಗಿ, ಅಷ್ಟೇ ದೂರ ಹಿಂದಕ್ಕೆ ಬಂದು ಬಿಂದುವನ್ನು ಮುಟ್ಟಿ, ಇನ್ನೂ 1 ಕಿ.ಮೀ. ಹಿಂದೆ ಸಾಗಿ ಮತ್ತೆ ತಿರುಗಿ, 1 ಕಿ.ಮೀ. ಮುಂದೆ ಬರಬೇಕಾಗುತ್ತದೆ. ಎಂಟು ಮೀಟರಿನ ತಪ್ಪಿಗೆ ಐದು ಕಿಲೋಮೀಟರಿನ ದಂಡ!

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈ ತೊಡಕು ಇಮ್ಮಡಿಯಾಗಿದೆ. ಅಲ್ಲಿ ನಡುವೆ ಆರು ಪಥಗಳ ಮುಖ್ಯರಸ್ತೆಯೂ ಎರಡು ಬದಿಗಳಲ್ಲಿ ಸರ್ವಿಸ್ ರಸ್ತೆಗಳೂ ಇವೆ. ನಕ್ಷೆಯಲ್ಲಿ ಒಟ್ಟಿಗೆ ನಾಲ್ಕು ಗೆರೆಗಳು. 2023ರ ಆಗಸ್ಟ್ 1ರಿಂದ ಮುಖ್ಯರಸ್ತೆಯಲ್ಲಿ ದ್ವಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಆದುದರಿಂದ ಮೈಸೂರಿನ ಕಡೆಗೆ ಹೋಗುವ ಮೋಟಾರು ಸೈಕಲ್ಲಿಗೆ ನಾಲ್ಕರಲ್ಲಿ ಎಡತುದಿಯ ಗೆರೆಯೊಂದೇ ಸಲ್ಲುವುದು; ಮುಖ್ಯರಸ್ತೆಯು ಪಟ್ಟಣಗಳನ್ನು ಹೊರಬಳಸಿ ಸಾಗುವ ಕಡೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗಿನ ಹಳೆಯ ರಸ್ತೆಯನ್ನೇ ಹಿಡಿಯಬೇಕು. ತಂತ್ರಾಂಶದಲ್ಲಿ ವಾಹನವನ್ನು "ಕಾರು" ಎಂದು ಬಿಟ್ಟಿದ್ದರೆ ಅದು ನಿಸ್ಸಂಕೋಚವಾಗಿ ನಿಷಿದ್ಧ ರಸ್ತೆಗೆ ಹತ್ತಿಸುತ್ತದೆ. ಗೂಗಲ್ ನಕ್ಷೆಯಲ್ಲಿ ದ್ವಿಚಕ್ರಿಗಳಿಗೆಂದೇ ಒಂದು ಆಯ್ಕೆ 2017ರ ಡಿಸೆಂಬರಿನಿಂದ ಭಾರತದಲ್ಲಿ ದೊರೆಯುತ್ತಿದೆ. ಮೊದಲು ಅದನ್ನು ಒತ್ತಬೇಕು. ಅನಂತರ ನಕ್ಷೆಯನ್ನು ಹಿಗ್ಗಿಸಿ, ಪ್ರತಿಯೊಂದು ಬಿಂದುವನ್ನೂ ಎಡಬದಿಯ ಸರಿಯಾದ ಗೆರೆಯ ಮೇಲೆ, ಕೂಡುರಸ್ತೆಯಿಂದ ದೂರವಾಗಿ, ರಸ್ತೆಯ ತುಂಡಿನ ನಡುಮಧ್ಯದಲ್ಲಿ ಇಡಬೇಕು. ಕೂಡುರಸ್ತೆಯಲ್ಲೇ ಇಟ್ಟ ಬಿಂದು ಯಾವ ರಸ್ತೆಗೆ ಸೇರಿದ್ದೆಂಬುದು ಯಂತ್ರಕ್ಕೆ ಸಂದಿಗ್ಧವಾಗುತ್ತದೆ.

ಬಿಂದುಗಳ ಸಂಖ್ಯೆಯ ವಿಷಯದಲ್ಲಿಯೂ ವಿವೇಚನೆ ಬೇಕು. ದಾರಿ ಕವಲೊಡೆಯುವ ಎಡೆಯಿಂದ ತುಸು ಮುಂದೆ, ನಮಗೆ ಬೇಕಾದ ಕವಲಿನ ಮೇಲೆ ಒಂದು ಬಿಂದುವಿದ್ದರೆ ಸಾಕು. ನೇರದಾರಿಯ ಮೇಲೆ ಮಣಿ ಪೋಣಿಸಿದಂತೆ ಬಿಂದುಗಳನ್ನಿಡುವುದರಿಂದ ತಪ್ಪಿಗೆ ಎಡೆಗಳು ಹೆಚ್ಚುತ್ತವೆಯೇ ಹೊರತು ಬೇರೆ ಲಾಭವಿಲ್ಲ. ಕೆಲವು ಸಾಧನಗಳಲ್ಲಿ ನಿಂತು ಹೋಗಬೇಕಾದ ಬಿಂದುಗಳು ಬೇರೆ, ದಾರಿಯನ್ನು ಬಾಗಿಸಲು ಮಾತ್ರ ಇಟ್ಟ ಬಿಂದುಗಳು ಬೇರೆ. ಊಟಕ್ಕೆ ನಿಲ್ಲುವ ಊರು ಮೊದಲನೆಯ ಜಾತಿಯದು. ಉಳಿದವುಗಳನ್ನೆಲ್ಲ ಎರಡನೆಯ ಜಾತಿಗೆ ಸೇರಿಸಿದರೆ ಅವು ಸದ್ದಿಲ್ಲದೆ ಕೆಲಸ ಮಾಡುತ್ತವೆ.

ಎಲ್ಲವೂ ಸರಿಯಿದ್ದು ಗೆರೆ ಇನ್ನೂ ಬಳಸಿ ಹೋಗುತ್ತಿದ್ದರೆ ನಕ್ಷೆಯ ಬಲೆಯನ್ನೇ ಪರೀಕ್ಷಿಸಬೇಕು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಸ್ವಯಂಸೇವಕರು ರಸ್ತೆಗಳನ್ನು ಗುರುತಿಸುತ್ತಾರೆ. ಎರಡು ಗೆರೆಗಳು ಒಂದನ್ನೊಂದು ಹಾದುಹೋದರೂ ಅವುಗಳಿಗೆ ಸಮಾನವಾದ ಬಿಂದುವೊಂದಿಲ್ಲದಿದ್ದರೆ ಯಂತ್ರದ ದೃಷ್ಟಿಯಲ್ಲಿ ಅವು ಕೂಡುವುದೇ ಇಲ್ಲ. ಮೇಲ್ಸೇತುವೆಯ ಕೆಳಗಿನ ದಾರಿಯಿದ್ದಂತೆ. ಕಣ್ಣಿಗೆ ಕೂಡಿದಂತೆ ಕಾಣುವ ಆ ಎಡೆಯನ್ನು ತಪ್ಪಿಸಲು ಗೆರೆಯು ಮೈಲುಗಟ್ಟಲೆ ಸುತ್ತುತ್ತದೆ. ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಸ್ಥಳವನ್ನು ಕಣ್ಣಾರೆ ಬಲ್ಲ ವಿದ್ಯಾರ್ಥಿಗಳು ಮಾಡಬಹುದಾದ ಉಪಯುಕ್ತ ಕೆಲಸವಿದು.

ಆದರೆ ಬಳಸುದಾರಿಗಳೆಲ್ಲ ದೋಷಗಳಲ್ಲ. ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಬಂಡೀಪುರದ ಕಾಡನ್ನು ಹಾದುಹೋಗುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಲಾಯಿತು. ಹೊರಡುವ ವೇಳೆಯನ್ನು ರಾತ್ರಿಯೆಂದು ಕೊಟ್ಟಾಗ ತಂತ್ರಾಂಶವು ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೇಲೆ ಮಾನಂತವಾಡಿಗೆ ದಾರಿ ತೋರಿಸಿದರೆ ಅದನ್ನು ಎಳೆದು ನೇರಗೊಳಿಸಲು ಹೋಗಬಾರದು. ವೇಳೆಯನ್ನು ಬದಲಿಸುವುದೇ ಅದಕ್ಕೆ ತಕ್ಕ ಪರಿಹಾರ.

ದೀರ್ಘವಾದ ದಾರಿಯಲ್ಲಿ ಕೆಟ್ಟ ಬಿಂದುವನ್ನು ಹುಡುಕುವುದಕ್ಕೆ ಒಂದು ಸುಲಭವಾದ ಅಳತೆಯಿದೆ. ಎರಡೆರಡು ಬಿಂದುಗಳ ನಡುವಣ ರಸ್ತೆಯ ದೂರವನ್ನು ಅವುಗಳ ನಡುವಣ ನೇರದೂರದೊಡನೆ ಹೋಲಿಸಿ ನೋಡಿ. ಬಯಲುಸೀಮೆಯಲ್ಲಿ ನೇರವಾಗಿ 6 ಕಿ.ಮೀ. ಇರುವ ಎಡೆಗೆ ರಸ್ತೆಯ ದೂರ 7 ಎಂದಿದ್ದರೆ ಸರಿ, 12 ಎಂದಿದ್ದರೆ ಅಲ್ಲಿ ಕುಣಿಕೆಯಿರಬಹುದು. ಹದಿನಾಲ್ಕು ಹಿಮ್ಮುರಿ ತಿರುವುಗಳುಳ್ಳ ಆಗುಂಬೆ ಘಾಟಿಯಂತಹ ಕಡೆಗಳಿಗೆ ಈ ಅಳತೆ ಒಪ್ಪುವುದಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಮೂವತ್ತೆರಡು ಬಿಂದುಗಳಿದ್ದು ಒಂದೇ ಕೆಟ್ಟಿದ್ದರೆ, ಪ್ರತಿಸಲವೂ ಅರ್ಧವನ್ನು ತೆಗೆದು ಗೆರೆಯನ್ನು ಮತ್ತೆ ಎಳೆಯಿಸಿದಲ್ಲಿ ಐದನೆಯ ಸಲಕ್ಕೆ ಅದು ಸಿಕ್ಕಿಬೀಳುತ್ತದೆ.

ಹೀಗೆ ತಿದ್ದಿದ ದಾರಿಯನ್ನು ಸಾಧನಕ್ಕೆ ಸಾಗಿಸುವಾಗ ಇನ್ನೊಂದು ಎಚ್ಚರ ಬೇಕು. 2002ರಿಂದ ಬಳಕೆಯಲ್ಲಿರುವ ಜಿಪಿಎಕ್ಸ್ ಎಂಬ ಕಡತದಲ್ಲಿ ದಾರಿಯನ್ನು ಎರಡು ಬಗೆಯಾಗಿ ಬರೆದಿಡಬಹುದು. ಮೊದಲನೆಯದರಲ್ಲಿ ಬಿಂದುಗಳು ಮಾತ್ರ ಇರುತ್ತವೆ. ಸವಾರಿಯ ಸಾಧನವು ತನ್ನಲ್ಲಿರುವ ನಕ್ಷೆಗೂ ತನ್ನ ಆಯ್ಕೆಗಳಿಗೂ ಅನುಸಾರವಾಗಿ ನಡುವಣ ಗೆರೆಯನ್ನು ಹೊಸದಾಗಿ ಎಳೆಯುತ್ತದೆ. ಮನೆಯ ನಕ್ಷೆಯೂ ಸಾಧನದ ನಕ್ಷೆಯೂ ಬೇರೆಯಾಗಿದ್ದರೆ, ಅಳಿಸಿದ ಬಳಸುದಾರಿಯು ಅಲ್ಲಿ ಮತ್ತೆ ತಲೆಯೆತ್ತಬಹುದು. ಎರಡನೆಯದರಲ್ಲಿ ಹೆಜ್ಜೆಗುರುತುಗಳಂತೆ ಒತ್ತೊತ್ತಾದ ಚುಕ್ಕೆಗಳಿದ್ದು ಗೆರೆ ಇದ್ದಂತೆಯೇ ಉಳಿಯುತ್ತದೆ. ಆದರೆ ಅನೇಕ ಸಾಧನಗಳು ಅದರ ಮೇಲೆ ತಿರುವುಗಳನ್ನು ಕೂಗಿ ಹೇಳಲಾರವು. ಎರಡನ್ನೂ ಸಾಧನಕ್ಕೆ ತುಂಬಿ, ಒಂದರ ಮೇಲೊಂದನ್ನು ಪರದೆಯ ಮೇಲೆ ತೋರಿಸಿಕೊಂಡರೆ ಗೆರೆಗಳು ಎಲ್ಲಿ ಅಗಲುತ್ತವೆಯೋ ಅಲ್ಲಿ ಹೊಸ ಬಳಸುದಾರಿ ಸೇರಿದೆಯೆಂದು ಹೊರಡುವ ಮುನ್ನವೇ ತಿಳಿಯುತ್ತದೆ.