ಚಾಕು ಮಾಡಹೊರಟ ಹುಡುಗನಿಗೆ

ತಮ್ಮಾ, ನಿನ್ನ ನಕ್ಷೆ ನೋಡಿದೆ. ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳುವ ಚಾಕು, ಅಲಗು ಮೊಂಡಾದರೆ ಅದನ್ನು ಕಿತ್ತು ಬೇರೆ ಹಾಕುವುದು. ಗೆರೆ ಚೊಕ್ಕಟ, ಅಳತೆ ಸರಿ. ಬೆನ್ನು ಚಪ್ಪರಿಸಿ ಕಳಿಸುವವರು ಸವದತ್ತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಲೇಥಿನ ಮುಂದೆ ನಿಂತು ತಲೆ ಬೆಳ್ಳಗೆ ಮಾಡಿಕೊಂಡವನು, ತಕರಾರಿನಿಂದಲೇ ಶುರು ಮಾಡುತ್ತೇನೆ.

ತಕರಾರು ಅಲಗಿನದು. ಹಿಡಿಕೆಯ ಜೊತೆ ಅಲಗನ್ನೂ ನಿನ್ನದೇ ಆಕಾರದಲ್ಲಿ ಬರೆದಿದ್ದೀಯ. ಬೇರೆ ಯಾರ ಅಲಗೂ ಕೂಡದ ಹಾಗೆ ಹಿಂಭಾಗದಲ್ಲಿ ಓರೆ ಕಚ್ಚು ಬೇರೆ. ಯಾಕಪ್ಪಾ ಅಂದರೆ, “ಗಿರಾಕಿ ತಿರುಗಿ ನಮ್ಮ ಕಡೆನ ಬರಬೇಕಲ್ಲರಿ ಕಾಕಾ” ಅಂದೆ. ಆ ಕಚ್ಚನ್ನು ಇವತ್ತೇ ಅಳಿಸು. ಸವದತ್ತಿ ಬಜಾರದಲ್ಲಿ, ಯರಗಟ್ಟಿ ಸಂತೆಯಲ್ಲಿ, ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಸಾದಾ ಅಂಗಡಿಯಲ್ಲಿ ಈಗಾಗಲೇ ಸಿಗುವ ಅಲಗನ್ನು ತಗೊಂಡು ಬಾ. ಅದನ್ನು ಮುಂದಿಟ್ಟುಕೊಂಡು ಚಾಕು ಬರೆ.

ಅಲಗು ಬದಲಿಸುವ ಸಾಮಾನು ನಮ್ಮ ಎರೆ ಸೀಮೆಗೆ ಹೊಸದಲ್ಲ. ನಿಮ್ಮ ಅಜ್ಜನ ಕುಂಟಿ ಇನ್ನೂ ಹಿತ್ತಲಲ್ಲಿ ಬಿದ್ದಿದ್ದರೆ ಎತ್ತಿ ನೋಡು. ದಿಂಡು, ಈಸು ಎಲ್ಲ ಜಾಲಿ ಕಟ್ಟಿಗೆ. ನೆಲದೊಳಗೆ ಹೋಗಿ ಕಸದ ಬೇರು ಕತ್ತರಿಸುವ ಕುಡ ಮಾತ್ರ ಕಬ್ಬಿಣ. ಸವೆದ ಕುಡ ಕಿತ್ತು ಹೊಸದು ಸಿಕ್ಕಿಸಿ, ಬಳಿ ಬಡಿದು ಬಿಗಿ ಮಾಡಿದರೆ ಕುಂಟಿ ಮತ್ತೆ ಹೊಲಕ್ಕೆ. ಊರಲ್ಲಿ ಎರಡು ಕುಂಟಿಯ ಅಳತೆ ಒಂದೇ ಇರುತ್ತಿರಲಿಲ್ಲ, ಆದರೂ ಯಾರ ಕೆಲಸವೂ ನಿಲ್ಲುತ್ತಿರಲಿಲ್ಲ. ಹಳೆ ಕುಡ ಹಿಡಿದುಕೊಂಡು ಕಮ್ಮಾರಸಾಲಿಗೆ ಹೋದರೆ ಕಮ್ಮಾರ ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದು ಬಡಿದು ಕೊಡುತ್ತಿದ್ದ. ಅವನಿಗೆ ಸುಗ್ಗಿಯಲ್ಲಿ ಆಯ ಸಲ್ಲುತ್ತಿತ್ತು. ಬದಲಿ ಸಿಗುತ್ತದೆ ಅನ್ನುವ ಭರವಸೆ ಊರಲ್ಲೇ ಮನೆ ಮಾಡಿಕೊಂಡಿದ್ದ ಒಬ್ಬ ಮನುಷ್ಯನ ಕೈಯಲ್ಲಿತ್ತು.

ಕಮ್ಮಾರನ ಆ ಕೆಲಸವನ್ನು ಕಾರ್ಖಾನೆಗೆ ಒಯ್ದವರೊಬ್ಬರು ನಮ್ಮವರೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಸೀಮೆಯ ಗುರ್ಲಹೊಸೂರಿನಲ್ಲಿ. ಮುಂಬೈಯ ವಿಕ್ಟೋರಿಯಾ ಜ್ಯುಬಿಲಿ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು, ಆಮೇಲೆ ಕಣಿಕಿ ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಕೈಹಾಕಿದರು. 1910ರಲ್ಲಿ ಔಂಧ ಸಂಸ್ಥಾನದ ಬರಡು ಜಾಗಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತದೆ ಎಂದು ರೈತರು ಅವರ ನೇಗಿಲು ಮುಟ್ಟಲಿಲ್ಲ ಅನ್ನುವ ಕತೆ ಎಲ್ಲರ ಬಾಯಲ್ಲೂ ಇದೆ. ರೈತ ಅಷ್ಟು ದಡ್ಡನೆಂದು ನನಗೆ ಅನ್ನಿಸುವುದಿಲ್ಲ. ಕಟ್ಟಿಗೆ ನೇಗಿಲು ಮುರಿದರೆ ಓಣಿಯಲ್ಲಿ ಬಡಿಗ ಇದ್ದಾನೆ, ಬೀಡಿನದು ಮುರಿದರೆ ಯಾರ ಬಾಗಿಲಿಗೆ ಹೋಗಬೇಕು? ನನ್ನ ಲೆಕ್ಕದಲ್ಲಿ ಅವನ ಹೆದರಿಕೆ ಇದ್ದದ್ದು ಅಲ್ಲಿ. ನಿನ್ನ ಚಾಕು ಕೈಗೆ ತಗೊಂಡವನೂ ಬಾಯಿ ಬಿಟ್ಟು ಹೇಳದೆ ಇದನ್ನೇ ಕೇಳುತ್ತಾನೆ: ಈ ಹುಡುಗ ನಾಳೆ ಬೆಂಗಳೂರಿಗೆ ನೌಕರಿಗೆ ಹೋದರೆ ನನಗೆ ಅಲಗು ಕೊಡುವವರು ಯಾರು?

ಕಾಲೇಜಿನಲ್ಲಿ ನಿನಗೆ ಜಿಲೆಟ್ ಕತೆ ಹೇಳಿದ್ದಾರೆ, ಅದು ನಿನ್ನ ತಲೆಯಲ್ಲಿ ಕೂತಿದೆ. ಹಿಡಿಕೆ ಪುಕ್ಕಟೆ ಕೊಡು, ಬ್ಲೇಡಿನಲ್ಲಿ ದುಡ್ಡು ಮಾಡು. ಕತೆ ಪೂರ್ತಿ ಕೇಳು. ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಿದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರಿನ ಮಾರಾಟ 90 ಸಾವಿರ ದಾಟಿತು, ಪೇಟೆಂಟೂ ಬಂತು. ಆದರೆ ಪೇಟೆಂಟ್ ಇದ್ದಷ್ಟು ದಿನ ಅವನು ಹಿಡಿಕೆಯನ್ನು ಅಗ್ಗಕ್ಕೆ ಕೊಡಲಿಲ್ಲ. 5 ಡಾಲರ್ ಹಚ್ಚಿದ್ದ, ಆ ಕಾಲಕ್ಕೆ ಅದು ಸಣ್ಣ ಬೆಲೆಯಲ್ಲ. ಪೇಟೆಂಟ್ ತೀರಿದ ಮೇಲೆ, ಊರ ತುಂಬ ನಕಲು ಎದ್ದ ಮೇಲೆ ಹಿಡಿಕೆ ಅಗ್ಗವಾಯಿತು. ಆ ಹೊತ್ತಿಗೆ ಅವನ ಬ್ಲೇಡ್ ಸಿಗದ ಅಂಗಡಿ ಇರಲಿಲ್ಲ. ನಿನ್ನ ಹತ್ತಿರ ಇರುವುದು ಒಂದು ನಕ್ಷೆ, ಬೆಳಗಾವಿಯ ಉದ್ಯಮಬಾಗದಲ್ಲಿ ಡೈ ಮಾಡಿಸಲು ಅಪ್ಪ ಕೊಡುತ್ತೇನೆಂದ ದುಡ್ಡು. ಡೈ ಒಂದು ಸಲ ಸೀಳಿತೆಂದರೆ ಮಾರಿದ ಅಷ್ಟೂ ಚಾಕು ಬರೀ ಹಿಡಿಕೆಯಾಗಿ ಉಳಿಯುತ್ತವೆ.

ಈಗ ಒಂದು ಕೆಲಸ ಮಾಡು. ಕಟಿಂಗ್ ಅಂಗಡಿಗೆ ಹೋಗಿ ಒಂದು ಮೂಲೆಯಲ್ಲಿ ಕೂತುಕೋ. ಗಡ್ಡ ಮಾಡಿಸುವ ನೆವ ಬೇಡ, ಬರೀ ನೋಡು. ನೀನು ಬರೆದದ್ದು ಅಲ್ಲಿ ಆಗಲೇ ಕೆಲಸ ಮಾಡುತ್ತಿದೆ. ಹಿಂದೆ ಕ್ಷೌರಿಕರ ಹತ್ತಿರ ಒಂದೇ ಅಲಗಿನ ಕತ್ತಿ ಇರುತ್ತಿತ್ತು, ತೊಗಲಿನ ಪಟ್ಟಿಗೆ ಪಟಪಟ ಉಜ್ಜಿ ಅದನ್ನೇ ವರ್ಷಗಟ್ಟಲೆ ನಡೆಸುತ್ತಿದ್ದರು. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಆಮೇಲಿನ ವರ್ಷಗಳಲ್ಲಿ ದವಾಖಾನೆ ಗೋಡೆಯ ಮೇಲೆ ಚಿತ್ರ ಬಂದವು, ಜನ ಹೆದರಿದರು, “ಹೊಸಾ ಬ್ಲೇಡ್ ಹಾಕ್ರಿ” ಅನ್ನತೊಡಗಿದರು. ಹಳೆ ಕತ್ತಿ ಪೆಟ್ಟಿಗೆ ಸೇರಿತು, ಬ್ಲೇಡ್ ಹಾಕುವ ಕತ್ತಿ ಬಂತು.

ಕ್ಷೌರಿಕನ ಕೈ ನೋಡು. ಎರಡು ಬಾಯಿಯ ಬ್ಲೇಡನ್ನು ಕಾಗದದಿಂದ ಹೊರಗೆ ತೆಗೆಯುವುದಿಲ್ಲ, ಕಾಗದದಲ್ಲಿ ಇದ್ದ ಹಾಗೇ ಉದ್ದಕ್ಕೆ ಬಗ್ಗಿಸಿ ಟಕ್ ಎಂದು ಎರಡು ಮಾಡುತ್ತಾನೆ. ಬೆರಳು ಹರಿತಕ್ಕೆ ತಾಗುವುದಿಲ್ಲ. ಕತ್ತಿಯ ತುದಿ ಎರಡು ಎಸಳಾಗಿ ಬಿಚ್ಚುತ್ತದೆ, ಅರ್ಧ ಬ್ಲೇಡ್ ಒಳಗೆ ಕೂರುತ್ತದೆ, ಎಸಳು ಮುಚ್ಚುತ್ತದೆ. ಸ್ಕ್ರೂ ಇಲ್ಲ, ಸ್ಪ್ರಿಂಗ್ ಇಲ್ಲ. ಗಿರಾಕಿ ಕನ್ನಡಿಯಲ್ಲಿ ಎಲ್ಲವನ್ನೂ ಕಾಣುತ್ತಾನೆ. ಇನ್ನೊಂದು ಗಮನಿಸು: ಆ ಕತ್ತಿಗೆ ಲಾಕ್ ಇಲ್ಲ. ಕೆಲಸ ಮಾಡುವಾಗ ಹಿಡಿಕೆ ಹಿಂದಕ್ಕೆ ಹೊರಳಿ ಮೇಲೆ ನಿಂತಿರುತ್ತದೆ, ಬೆರಳುಗಳು ಹಿಡಿಯುವುದು ಅಲಗಿನ ಕಾಲನ್ನು. ಮಡಚುವ ಹಿಡಿಕೆ ಅಲ್ಲಿ ಒರೆಯ ಕೆಲಸವನ್ನಷ್ಟೇ ಮಾಡುತ್ತದೆ. ಕೂದಲಿಗೆ ಅದು ಸಾಕು. ನೀನು ಹಗ್ಗ ಕತ್ತರಿಸುವವನ ಕೈಗೆ ಕೊಡುವುದಕ್ಕೆ ಅದು ಸಾಲದು.

ಕಟಿಂಗ್ ಅಂಗಡಿಯಲ್ಲಿ ಅಲಗು ಬದಲಾಯಿಸುವುದಕ್ಕೆ ಕಾರಣ ಚೊಕ್ಕತನ, ಹರಿತ ಆಮೇಲಿನ ಮಾತು. ಡಾಕ್ಟರ ಕೈಚಾಕುವೂ ಹಾಗೇ. ಅಮೆರಿಕದ ಮೋರ್ಗನ್ ಪಾರ್ಕರ್ 1915ರಲ್ಲಿ ಅಲಗು ಬದಲಿಸುವ ಹಿಡಿಕೆಗೆ ಪೇಟೆಂಟ್ ಪಡೆದ, ಇಂದಿಗೂ ದವಾಖಾನೆಗಳಲ್ಲಿ ಅದೇ ಜೋಡಣೆ ನಡೆದಿದೆ. ಈ ಪ್ರಶ್ನೆ ನಿನಗೂ ಇದೆ. ನಿನ್ನ ಗಿರಾಕಿಗೆ ಹೊಸ ಅಲಗು ಯಾಕೆ ಬೇಕು? ಜೋಳ ಕೊಯ್ಯುವವನಿಗೆ ಬೇಡ. ಬದುವಿನ ಮೇಲೆ ಕೂತು ಕುಡುಗೋಲನ್ನು ಕಲ್ಲಿಗೆ ನಾಲ್ಕು ಸಲ ಎಳೆದರೆ ಅವನ ಕೆಲಸ ಸಾಗುತ್ತದೆ, ಹಣಿಸಬೇಕಾದರೆ ಕಮ್ಮಾರ ಇದ್ದಾನೆ. ಅವನಿಗೆ ಮಾರಲು ಹೋಗಿ ಬೈಸಿಕೊಳ್ಳಬೇಡ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆ ದಾಳಿಂಬೆ ತೋಟದವರನ್ನು ಮಾತಾಡಿಸು. ದುಂಡಾಣು ಅಂಗಮಾರಿ ಎಷ್ಟು ತೋಟ ಕೀಳಿಸಿತು ಎಂದು ಹೇಳುತ್ತಾರೆ. ರೋಗದ ಗಿಡ ಸವರಿದ ಕತ್ತರಿಯಲ್ಲೇ ಪಕ್ಕದ ಗಿಡ ಸವರಿದರೆ ರೋಗ ದಾಟುತ್ತದೆ, ಅದಕ್ಕೇ ಗಿಡದಿಂದ ಗಿಡಕ್ಕೆ ಔಷಧಿ ನೀರಿನಲ್ಲಿ ಅದ್ದು ಅನ್ನುತ್ತಾರೆ. ಕಸಿ ಕಟ್ಟುವವನಿಗೂ ಗೀರು ಒಂದೇ ಎಳೆತಕ್ಕೆ ನುಣ್ಣಗೆ ಬರಬೇಕು. ಅರಭಾವಿಯ ತೋಟಗಾರಿಕೆ ಕಾಲೇಜು ದೂರವೇನಲ್ಲ, ಅಲ್ಲಿ ಕಸಿ ಮಾಡುವವರ ಪಕ್ಕ ಒಂದು ದಿನ ನಿಲ್ಲು. ಅಲಗು ಬದಲಿಸಬೇಕಾದ ಕೈಗಳು ಅಲ್ಲಿವೆ.

ಬಜಾರದಲ್ಲಿ ಯಾವ ಅಲಗು ಸಿಗುತ್ತದೆ ಅನ್ನುವುದಕ್ಕೆ ಬರೋಣ. ಗಡ್ಡದ ಬ್ಲೇಡ್ ಎಲ್ಲ ಕಿರಾಣಿ ಅಂಗಡಿಯಲ್ಲೂ ಇದೆ, ಆದರೆ ಅದರ ದಪ್ಪ 0.1 ಮಿಲಿಮೀಟರ್. ಟೊಂಗೆಗೆ ಹಾಕಿದರೆ ಬಳುಕಿ ಸಿಡಿಯುತ್ತದೆ. ಮೆಡಿಕಲ್ ಅಂಗಡಿಯ ಸರ್ಜಿಕಲ್ ಬ್ಲೇಡ್ ಕಸಿಗೆ ತಕ್ಕದ್ದು. ಅದನ್ನು ಬರಿಗೈಯಲ್ಲಿ ಬಿಚ್ಚಲು ಹೋದವರ ಬೆರಳು ಉಳಿಯುವುದು ಕಷ್ಟ, ಬಿಚ್ಚುವ ಉಪಾಯವನ್ನು ಹಿಡಿಕೆಯಲ್ಲೇ ನೀನು ಮಾಡಿ ಕೊಡಬೇಕು. ಮೂರನೆಯದು ರಟ್ಟು ಕೊಯ್ಯುವ ದಪ್ಪ ಅಲಗು. ಎರಡು ತುದಿಯೂ ಮೊನೆ, ನಡುವೆ ಬೆನ್ನಿನ ಮೇಲೆ ಕಚ್ಚು, ತಿರುವಿ ಹಾಕಿದರೆ ಎರಡು ಸಲ ಬಾಳಿಕೆ. ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ನಾನಾದರೆ ಇದರಿಂದ ಶುರು ಮಾಡುತ್ತೇನೆ.

ಇನ್ನೊಂದು ಇದೆ, ಅದನ್ನು ದೂರ ಇಡು ಅನ್ನುತ್ತೇನೆ: ಗೆರೆ ಗೆರೆ ಇದ್ದು ಮುರಿದು ಮುರಿದು ಎಸೆಯುವ ಕಟರ್ ಅಲಗು. ಜಪಾನಿನ ಯೋಶಿಯೊ ಒಕಾಡ 1956ರಲ್ಲಿ ಕಂಡುಹಿಡಿದದ್ದು. ಗಾಜಿನ ಒಡಕು ಚೂರು, ಮುರಿದು ತಿನ್ನುವ ಚಾಕೊಲೇಟ್ ಬಿಲ್ಲೆ ನೋಡಿ ಹೊಳೆಯಿತಂತೆ. ಬುದ್ಧಿವಂತನ ಕೆಲಸ, ಛಾಪಖಾನೆಗೆ ಹೇಳಿ ಮಾಡಿಸಿದ್ದು. ನಮ್ಮ ಹೊಲಕ್ಕಲ್ಲ. ಮುರಿದ ಚೂರು ಎಲ್ಲಿ ಬೀಳುತ್ತದೆ? ಮೇವಿನಲ್ಲಿ. ಆಕಳು, ಎಮ್ಮೆ ಆಯ್ದು ತಿನ್ನುವ ಜೀವಗಳಲ್ಲ, ನಾಲಿಗೆ ಸುತ್ತಿ ಎಳೆದು ನುಂಗುತ್ತವೆ. ಲೋಹದ ಚೂರು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ಹೋಗಿ ಕೂರುತ್ತದೆ. ಅದರ ಮುಂದೆ ವಪೆ, ವಪೆಯ ಆಚೆಗೆ ಹೃದಯ. ಮೇವು ಬಿಟ್ಟು ನರಳುವ ಎಮ್ಮೆಯ ಹೊಟ್ಟೆ ಕೊಯ್ದು ತಂತಿ, ಮೊಳೆ ತೆಗೆಯುವ ದನದ ಡಾಕ್ಟರರನ್ನು ಕೇಳು, ಅವರು ತೆಗೆದಿಟ್ಟ ಸಾಮಾನು ತೋರಿಸುತ್ತಾರೆ. ಹಾಗಾಗಿ ನಿನ್ನ ಹಿಡಿಕೆಯಲ್ಲಿ ಹೊಸ ಅಲಗಿಗೆ ಜಾಗ ಇರದಿದ್ದರೂ ನಡೆದೀತು, ಹಳೆಯದಕ್ಕೆ ಒಂದು ಗೂಡು ಇರಲೇಬೇಕು. ಹೊಲದಲ್ಲಿ ಅಲಗು ಬದಲಿಸಿದವನು ಹಳೆಯದನ್ನು ಅಲ್ಲೇ ತುರುಕಿ ಮನೆಗೆ ತರಬೇಕು. ನಿನ್ನ ನಕ್ಷೆಯಲ್ಲಿ ಅದು ಇಲ್ಲ.

ನಿನ್ನ ಜಾಣತನ ಖರ್ಚಾಗಬೇಕಾದ ಜಾಗ ಎರಡು: ಅಲಗು ಕೂಡುವ ಮನೆ, ಮಡಚುವ ಕೀಲು. ಸಾದಾ ಮಡಚು ಚಾಕುವಿನಲ್ಲಿ ಅಲ್ಲಾಡುವ ಜಾಗ ಒಂದೇ. ನಿನ್ನದರಲ್ಲಿ ಎರಡು, ಎರಡರ ಸಡಿಲವೂ ಮೊನೆಯಲ್ಲಿ ಕೂಡಿಕೊಂಡು ತೋರುತ್ತದೆ. ಭಾರವನ್ನು ಸ್ಕ್ರೂ ಮೇಲೆ ಬಿಡಬೇಡ. ಅಲಗಿನ ಬೆನ್ನು ಉದ್ದಕ್ಕೂ ಲೋಹಕ್ಕೆ ಒರಗಿರಲಿ, ಕಚ್ಚು ಹಿಂದೆ ಮುಂದೆ ಸರಿಯದಂತೆ ತಡೆದರೆ ಸಾಕು. ಬಿಚ್ಚುವ ಸ್ಕ್ರೂ ಬೇಕೇ ಬೇಕು ಅಂದರೆ ಅದು ಕಳಚಿ ಬೀಳದ ಹಾಗಿರಲಿ, ಒಂದು ರೂಪಾಯಿ ನಾಣ್ಯದಿಂದ ತಿರುವುವಂತಿರಲಿ. ಎರೆ ಹೊಲದಲ್ಲಿ ಬಿದ್ದ ಸಣ್ಣ ಸ್ಕ್ರೂವನ್ನು ಯಲ್ಲಮ್ಮ ತಾಯಿಯೇ ಹುಡುಕಿ ಕೊಡಬೇಕು.

ಕೀಲಿನ ಲಾಕ್ ಬಗ್ಗೆ ನೀನು ಸ್ಪ್ರಿಂಗ್ ಪಟ್ಟಿ ಬರೆದಿದ್ದೀಯ, ಅಂತರ್ಜಾಲದಲ್ಲಿ ನೋಡಿದ್ದಿರಬೇಕು. ಅದನ್ನು ಸರಿಯಾಗಿ ಕಚ್ಚಿಸುವುದು ಕೂದಲೆಳೆಯ ಕೆಲಸ. ಅದಕ್ಕಿಂತ ಹೆಚ್ಚಾಗಿ, ನಮ್ಮ ಎರೆಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಪಟ್ಟಿಯ ಹಿಂದೆ ಚಿಟಿಕೆ ಮಣ್ಣು ಸೇರಿದರೂ ಲಾಕ್ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಜೋರಾಗಿ ಒತ್ತಿದಾಗ ಅಲಗು ಮಡಚಿ ಬೆರಳಿನ ಮೇಲೆ ಬರುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು ನೋಡು. 1890ರಿಂದ ರೈತರ ಕಿಸೆಯಲ್ಲಿರುವುದು, ಕಟ್ಟಿಗೆಯ ಹಿಡಿಕೆ, 1955ರಲ್ಲಿ ಕೊರಳಿಗೆ ತಿರುಗುವ ಉಕ್ಕಿನ ಬಳೆ ಹಾಕಿದರು. ಬಳೆ ತಿರುವಿದರೆ ಅಲಗು ಮಡಚುವ ದಾರಿ ಬಂದ್. ಕಣ್ಣಿಗೆ ಕಾಣುತ್ತದೆ, ನೀರಲ್ಲಿ ಅಲುಬಿದರೆ ಮಣ್ಣು ಹೋಗುತ್ತದೆ, ನಮ್ಮಂಥವರ ಲೇಥಿನಲ್ಲಿ ಬಳೆ ಆಗುತ್ತದೆ. ಹಿಡಿಕೆಯ ಬೆನ್ನೂ ತೆರೆದಿರಲಿ, ಉಳ್ಳಾಗಡ್ಡಿ ರಸ, ಕಬ್ಬಿನ ಹಾಲು ಒಳಗೆ ನಿಂತರೆ ಉಕ್ಕಿಗೆ ತುಕ್ಕು ಬೇಗ.

ಕಾಯ್ದೆ ಮಾತು ಬೇಗ ಮುಗಿಸುತ್ತೇನೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೇಳಿರುವುದು 9 ಇಂಚಿಗಿಂತ ಉದ್ದ ಇಲ್ಲವೆ 2 ಇಂಚಿಗಿಂತ ಅಗಲದ ಅಲಗಿನ ಮಾತು, ಮನೆ, ಒಕ್ಕಲುತನ, ಕೈಗಾರಿಕೆಯ ಸಾಮಾನು ಅದರ ಹೊರಗೆ. ನಿನ್ನದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಗುಂಡಿ ಒತ್ತಿದರೆ ಚಟ್ಟನೆ ತೆರೆಯುವ ಸಿನಿಮಾ ಸೊಗಸು ಬೇಡ. ಬನದ ಹುಣ್ಣಿಮೆ ಜಾತ್ರೆಯಲ್ಲಿ ಪೊಲೀಸರ ಮುಂದೆ ನಿನ್ನ ಗಿರಾಕಿ ಕಸಿಯ ಪಾಠ ಹೇಳುತ್ತ ನಿಲ್ಲುವ ಹಾಗಾಗಬಾರದು. ಮಡಚುವ, ಅಲಗು ಬದಲಿಸುವ ಚಾಕು ಪ್ರಪಂಚಕ್ಕೆ ಹೊಸದಲ್ಲ, ಆದ್ದರಿಂದ ಇಡೀ ಚಾಕುವಿಗೆ ಪೇಟೆಂಟ್ ಕನಸು ಕಟ್ಟಬೇಡ. ಕೂಡುವ ಮನೆಯಲ್ಲಿ ನಿಜಕ್ಕೂ ಹೊಸದೇನಾದರೂ ಹೊಳೆದರೆ ತಾತ್ಕಾಲಿಕ ಅರ್ಜಿ ಹಾಕಿ ಪೂರ್ತಿ ಮಾಡಲು 12 ತಿಂಗಳು ಸಿಗುತ್ತದೆ. ಹೊರ ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆಯಲ್ಲಿ 10 ವರ್ಷ ರಕ್ಷಣೆ, ಮೇಲೆ ಇನ್ನೂ 5. ಎರಡಕ್ಕೂ ಅರ್ಜಿ ಮೊದಲು, ಧಾರವಾಡದ ಕೃಷಿ ಮೇಳದ ಮಳಿಗೆ ಆಮೇಲೆ. ಊರಿಗೆಲ್ಲ ತೋರಿಸಿದ ಮೇಲೆ ಹೊಸದೆಂದು ಹೇಳಲು ಬರುವುದಿಲ್ಲ.

ಡೈ ಕೈಬಿಡು ಸದ್ಯ. ಕೈಯಿಂದಲೇ ನಾಲ್ಕು ಮಾಡೋಣ, ಬಳೆ ನಾನು ತಿರುವಿ ಕೊಡುತ್ತೇನೆ. ಒಂದು ಕಸಿ ಕಟ್ಟುವವನಿಗೆ, ಒಂದು ಗೊಬ್ಬರದ ಅಂಗಡಿಯ ಹಮಾಲನಿಗೆ, ಒಂದು ಹನಿ ನೀರಾವರಿ ಪೈಪ್ ಹಾಕುವ ಹುಡುಗನಿಗೆ, ಒಂದು ಕುರಿ ಕಾಯುವವನಿಗೆ ಕೊಡು. ಜೊತೆಗೆ ಅಲಗಿನ ಪ್ಯಾಕೆಟ್ ಕೊಡಬೇಡ, ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದಷ್ಟೇ ಹೇಳು. ಒಂದು ತಿಂಗಳು ಅವರ ದಾರಿಗೆ ಹೋಗಬೇಡ. ಆಮೇಲೆ ಹೋಗಿ ಅಭಿಪ್ರಾಯ ಕೇಳದೆ ಚಾಕು ಇಸಿದುಕೊಂಡು ಹಳೆ ಅಲಗಿನ ಗೂಡು ತೆರೆ. ಖಾಲಿ ಇದ್ದರೆ ಅವನು ಬದಲಿಸೇ ಇಲ್ಲ, ಇಲ್ಲವೆ ಬದಲಿಸಿ ಹಳೆಯದನ್ನು ಹೊಲದಲ್ಲಿ ಎಸೆದಿದ್ದಾನೆ. ಯಾವುದೆಂದು ತಿಳಿದುಕೊಂಡು ಬಾ, ಉದ್ಯಮಬಾಗಕ್ಕೆ ಹೋಗುವ ಮಾತು ಆಗ ಆಡೋಣ.