ಕೂಡಿ ಕಟ್ಟುವ ಮನೆಗಳ ಜಮಾಖರ್ಚು

ಕೋಹೌಸಿಂಗ್‌ನಲ್ಲಿ ಪ್ರತಿ ಕುಟುಂಬಕ್ಕೂ ಅಡುಗೆಮನೆ, ಬಚ್ಚಲು ಸಮೇತ ಪೂರ್ತಿ ಸ್ವಂತ ಮನೆ ಇರುತ್ತದೆ. ಜೊತೆಗೆ ಎಲ್ಲರೂ ಬಳಸುವ ಒಂದು ದೊಡ್ಡ ಅಡುಗೆಮನೆ, ಊಟದ ಹಾಲ್, ಅತಿಥಿ ಕೋಣೆ, ಬಟ್ಟೆ ಒಗೆಯುವ ಜಾಗ. ನೋಡಲು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಂತೆಯೇ ಕಂಡೀತು. ಆದರೆ ಇಲ್ಲಿ ಮೊದಲು ಜನ ಸೇರುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ. ನಕ್ಷೆಯನ್ನು ತಾವೇ ಕೂತು ತೀರ್ಮಾನಿಸುತ್ತಾರೆ, ಕಟ್ಟಿದ ಮೇಲೆ ತಾವೇ ನಡೆಸುತ್ತಾರೆ. ಬಿಲ್ಡರ್ ಇಲ್ಲದ್ದರಿಂದ ಅವನ ಲಾಭ ಉಳಿಯುತ್ತದೆ ಎಂಬ ಮಾತು ಇಂಥ ಗುಂಪಿನ ಮೊದಲ ಸಭೆಯಲ್ಲೇ ಕೇಳಿಬರುತ್ತದೆ. ಅದು ಅರ್ಧ ನಿಜ. ಬಿಲ್ಡರ್ ಲಾಭ ಮಾಡುವುದು ಮೂರು ಹೊರೆ ಹೊತ್ತು: ಮೊದಲು ಸುರಿಯುವ ಬಂಡವಾಳ, ಕಾಯುವ ಕಾಲ, ನಡುವೆ ಗಿರಾಕಿ ಕೈಬಿಟ್ಟರೆ ಆಗುವ ನಷ್ಟ. ಅವನು ಇಲ್ಲವೆಂದಾಗ ಈ ಮೂರೂ ನಿವಾಸಿಗಳ ಹೆಗಲಿಗೇ ಬರುತ್ತವೆ.

ಈ ಪದ್ಧತಿ ರೂಪುಗೊಂಡದ್ದು ಡೆನ್ಮಾರ್ಕಿನಲ್ಲಿ. ವಾಸ್ತುಶಿಲ್ಪಿ ಯಾನ್ ಗುಡ್‌ಮನ್-ಹೋಯರ್ 1964ರಲ್ಲಿ ಗೆಳೆಯರೊಂದಿಗೆ ಚರ್ಚೆ ಶುರುಮಾಡಿ ಜಾಗವನ್ನೂ ಕೊಂಡರು; ಅಕ್ಕಪಕ್ಕದವರ ವಿರೋಧದಿಂದ ಆ ಯೋಜನೆ ನಿಂತುಹೋಯಿತು. ಹಿಲರೋಡ್ ಬಳಿಯ ಸೆಟ್ಟೆಡಾಮನ್‌ನ 27 ಮನೆಗಳಲ್ಲಿ ವಾಸ ಆರಂಭವಾದದ್ದು 1972ರಲ್ಲಿ. ಲಂಡನ್ನಿನ ಹೈ ಬಾರ್ನೆಟ್‌ನಲ್ಲಿ 50 ದಾಟಿದ ಮಹಿಳೆಯರಿಗಾಗಿಯೇ ಇರುವ ‘ನ್ಯೂ ಗ್ರೌಂಡ್’ನಲ್ಲಿ 25 ಮನೆಗಳಿವೆ. ಅದರ ಗುಂಪು ಹುಟ್ಟಿದ್ದು 1998ರಲ್ಲಿ, ಮನೆಗೆ ಕಾಲಿಟ್ಟದ್ದು 2016ರಲ್ಲಿ. ಹದಿನೆಂಟು ವರ್ಷ! ಅಷ್ಟು ಕಾಲ ಬೆಂಗಳೂರಿನ ಯಾವ ಗುಂಪೂ ಕಾಯಲಾರದು, ಕಾದರೆ ಸೈಟಿನ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ.

ಜರ್ಮನಿಯ ಟ್ಯೂಬಿಂಗನ್ ನಗರ ಕಾಲದ ಈ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿಕೊಂಡಿದೆ. ಫ್ರೆಂಚ್ ಸೇನೆ ಬಿಟ್ಟುಹೋದ ಜಾಗವನ್ನು ನಗರಾಡಳಿತ ತುಂಡುತುಂಡಾಗಿ ಕಟ್ಟಡ ಗುಂಪುಗಳಿಗೆ ನಿಗದಿತ ಬೆಲೆಗೆ ಕೊಟ್ಟಿತು. ಯೋಜನೆ ಒಪ್ಪಿಗೆಯಾದ ಗುಂಪಿಗೆ ಕೆಲವು ತಿಂಗಳು ಜಾಗ ಕಾದಿರಿಸಲಾಗುತ್ತಿತ್ತು. ಅಷ್ಟರಲ್ಲಿ ಸದಸ್ಯರು ಸೇರಬಹುದು, ಸಾಲ ಮಂಜೂರಾಗಬಹುದು, ನಕ್ಷೆ ಮುಗಿಯಬಹುದು. ಬೆಂಗಳೂರಿನಲ್ಲಿ ಬಿಡಿಎ ತನ್ನ ಮೂಲೆ ಸೈಟುಗಳನ್ನು ಹರಾಜು ಹಾಕುತ್ತದೆ, ಹೆಚ್ಚು ಕೂಗಿದವರಿಗೆ ಸೈಟು. ಖಾಸಗಿ ಮಾಲೀಕನೂ ಅಡ್ವಾನ್ಸ್ ಪಡೆದು ಮೂರು ತಿಂಗಳಲ್ಲಿ ರಿಜಿಸ್ಟ್ರೇಷನ್ ಆಗಲಿ ಎನ್ನುತ್ತಾನೆ. ಹಾಗಾಗಿ ಇಲ್ಲಿನ ಗುಂಪಿಗೆ ಜಾಗದ ದುಡ್ಡು ಎಲ್ಲಕ್ಕಿಂತ ಮೊದಲೇ ಬೇಕು. ಇಡೀ ಲೆಕ್ಕಾಚಾರ ಬಿಗಿಯಾಗುವುದು ಇಲ್ಲಿಂದ.

ಒಂದು ಉದಾಹರಣೆ. ದರಗಳು ಲೆಕ್ಕ ತೋರಿಸಲಿಕ್ಕಷ್ಟೇ. ಆರು ಕುಟುಂಬಗಳು ಸೇರಿ 60×80 ಅಳತೆಯ, ಅಂದರೆ 4,800 ಚದರಡಿ ಸೈಟನ್ನು ಚದರಡಿಗೆ 10,000 ರೂಪಾಯಿಯಂತೆ 4.8 ಕೋಟಿಗೆ ಕೊಂಡವು ಎನ್ನೋಣ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಶೇ 7.6, ಅಂದರೆ 36.48 ಲಕ್ಷ. 1.75ರ ಎಫ್ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಸಿಕ್ಕರೆ 8,400 ಚದರಡಿ ಕಟ್ಟಬಹುದು: ತಲಾ 1,200 ಚದರಡಿಯ ಆರು ಮನೆ, ಉಳಿದ 1,200 ಚದರಡಿ ಎಲ್ಲರ ಬಳಕೆಗೆ. ಚದರಡಿಗೆ 2,500ರಂತೆ ಕಟ್ಟಡಕ್ಕೆ 2.1 ಕೋಟಿ, ಕೆಳಗಿನ ಪಾರ್ಕಿಂಗ್, ಲಿಫ್ಟ್, ಸಂಪು, ಮಳೆನೀರು ಕೊಯ್ಲಿಗೆ 40 ಲಕ್ಷ. ಈ 2.5 ಕೋಟಿಯ ಗುತ್ತಿಗೆ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ, 45 ಲಕ್ಷ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಾನ್ ಮಂಜೂರಾತಿಗೆ 20 ಲಕ್ಷ. ಕೈಮೀರುವ ಖರ್ಚಿಗೆಂದು 25 ಲಕ್ಷ. ಒಟ್ಟು 8.56 ಕೋಟಿ, ಕುಟುಂಬಕ್ಕೆ 1.43 ಕೋಟಿಯ ಹತ್ತಿರ.

ಜಿಎಸ್‌ಟಿಯ ಸಾಲನ್ನು ಬಹಳ ಗುಂಪುಗಳು ಮರೆಯುತ್ತವೆ. ಕಟ್ಟುತ್ತಿರುವ ಫ್ಲ್ಯಾಟನ್ನು ಬಿಲ್ಡರ್‌ನಿಂದ ಕೊಂಡರೆ ಗಿರಾಕಿ ಕಟ್ಟುವುದು ಶೇ 5 (ಬಿಲ್ಡರ್ ಸಾಮಗ್ರಿಗೆ ತೆತ್ತ ತೆರಿಗೆ ಬೆಲೆಯೊಳಗೇ ಅಡಗಿರುತ್ತದೆ ಎಂಬುದು ಬೇರೆ ಮಾತು). ಸಾಮಗ್ರಿ ಸಹಿತ ಗುತ್ತಿಗೆ ಕೊಟ್ಟು ತಾವೇ ಕಟ್ಟಿಸಿದರೆ ಶೇ 18. ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆ ಕೊಟ್ಟಾಗ ಇರುವ ವಿನಾಯಿತಿ ಆರು ಮನೆಯ ಕಟ್ಟಡಕ್ಕೆ ಸಿಗದು. ಇದಕ್ಕೆ ಎದುರಾಗಿ ಒಂದು ಉಳಿತಾಯವೂ ಇದೆ: ಫ್ಲ್ಯಾಟ್ ಕೊಂಡವರು ಕಟ್ಟಡದ ಬೆಲೆಯ ಮೇಲೂ ಮುದ್ರಾಂಕ ಶುಲ್ಕ ಕಟ್ಟುತ್ತಾರೆ, ಸೈಟು ಕೊಂಡು ಕಟ್ಟಿಸಿಕೊಂಡವರು ಜಾಗದ ಬೆಲೆಗೆ ಮಾತ್ರ.

ಸೈಟು ಕೊಳ್ಳುವಾಗಿನ ಟಿಡಿಎಸ್ ಕೂಡ ಸಣ್ಣ ವಿಷಯವಲ್ಲ. 50 ಲಕ್ಷ ಮುಟ್ಟಿದ ಸ್ಥಿರಾಸ್ತಿಗೆ ಕೊಳ್ಳುವವರು ಶೇ 1ರಷ್ಟು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಜಂಟಿ ಖರೀದಿಯಲ್ಲಿ ಎಲ್ಲರ ಪಾಲನ್ನೂ ಕೂಡಿಸಿಯೇ ಈ ಮಿತಿ ನೋಡಲಾಗುತ್ತದೆ. ಹೆಚ್ಚು ಜನ ಸೇರಿ ತಲಾ ಪಾಲು 50 ಲಕ್ಷದೊಳಗೆ ಬಂದರೂ ತಪ್ಪಿಸಿಕೊಳ್ಳುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಪ್ಯಾನ್‌ನಲ್ಲಿ ಕಟ್ಟಬೇಕು.

ಸಾಲದ ವಿಷಯಕ್ಕೆ ಬಂದರೆ, 75 ಲಕ್ಷ ಮೀರಿದ ಗೃಹಸಾಲ ಆಸ್ತಿಯ ಬೆಲೆಯ ಶೇ 75ನ್ನು ದಾಟಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಒಂದು ಕುಟುಂಬಕ್ಕೆ ಹೆಚ್ಚೆಂದರೆ 1.02 ಕೋಟಿ ಸಾಲ, ಸ್ವಂತದ್ದು 40 ಲಕ್ಷ. ಕಾಗದದ ಮೇಲೆ ಇದು ನಿಭಾಯಿಸಬಹುದಾದ ಲೆಕ್ಕವೇ. ಆದರೆ ಸೈಟಿನ ರಿಜಿಸ್ಟ್ರೇಷನ್ ದಿನ ಪ್ರತಿ ಕುಟುಂಬವೂ 86 ಲಕ್ಷ ತಂದಿರಬೇಕು. ಮಂಜೂರಾದ ಪ್ಲಾನ್ ಇಲ್ಲದೆ, ಬೇರ್ಪಡದ ಆರನೇ ಒಂದು ಪಾಲನ್ನು ಅಡವಿಟ್ಟುಕೊಳ್ಳಲು ಬ್ಯಾಂಕು ಹಿಂದೇಟು ಹಾಕುತ್ತದೆ. ಆರೂ ಮಂದಿ ಸೇರಿ ಇಡೀ ಸೈಟು ಅಡವಿಟ್ಟರೆ ಸಾಲ ಹುಟ್ಟೀತು, ಆಗ ಒಬ್ಬರ ಕಂತು ತಪ್ಪಿದರೆ ಬ್ಯಾಂಕು ಉಳಿದ ಐವರ ಬಾಗಿಲನ್ನೂ ತಟ್ಟುತ್ತದೆ. ಈ 86 ಲಕ್ಷ ಎರಡು ವರ್ಷ ಸುಮ್ಮನೆ ಕೂತರೆ ಶೇ 7ರ ಲೆಕ್ಕದಲ್ಲಿ 12 ಲಕ್ಷ ಬಡ್ಡಿ ಕೈಬಿಟ್ಟಂತೆ. ಅಷ್ಟೂ ಕಾಲ ಈಗಿರುವ ಮನೆಯ ಬಾಡಿಗೆ ಬೇರೆ. ಉಳಿಯಿತೆಂದುಕೊಂಡ ಬಿಲ್ಡರ್ ಲಾಭದ ದೊಡ್ಡ ಪಾಲು ಇಲ್ಲೇ ಕರಗುತ್ತದೆ.

ತೆರಿಗೆ ವಿನಾಯಿತಿಗಳಿಗೂ ಗಡುವುಗಳಿವೆ. ಹಳೇ ಮನೆ ಮಾರಿ ಗುಂಪಿಗೆ ಸೇರುವ ಹಿರಿಯರು ಬಂಡವಾಳ ಲಾಭದ ತೆರಿಗೆ ಉಳಿಸಲು ಮಾರಿದ ಮೂರು ವರ್ಷದೊಳಗೆ ಹೊಸ ಮನೆ ಕಟ್ಟಿ ಮುಗಿಸಬೇಕು. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಬಳಕೆಯಾಗದ ಹಣ ಬ್ಯಾಂಕಿನ ವಿಶೇಷ ಖಾತೆಗೆ ಹೋಗಬೇಕು. ಹಳೇ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ಕಡಿತ ಉಂಟು. ಕಟ್ಟಡ ಐದು ವರ್ಷದಲ್ಲಿ ಮುಗಿಯದಿದ್ದರೆ ಅದು 30,000ಕ್ಕೆ ಇಳಿಯುತ್ತದೆ. ಒಂಟಿ ಮನೆ ಕಟ್ಟುವವರಿಗೆ ಈ ಗಡುವು ಅಷ್ಟಾಗಿ ಕಾಡುವುದಿಲ್ಲ. ಆರು ಕುಟುಂಬ ಟೈಲ್ಸ್ ಬಣ್ಣಕ್ಕೆ ಸಭೆ ಸೇರುವಾಗ ಮಾತು ಬೇರೆ.

ಸದಸ್ಯರ ಕರಾರು ಈ ಕಾರಣಕ್ಕೇ ಸೈಟು ನೋಡುವ ಮುಂಚೆ ಬರೆದು ಮುಗಿಯಬೇಕು. ಅದರಲ್ಲಿ ಮುಖ್ಯವಾದದ್ದು ಬಿಟ್ಟುಹೋಗುವವರ ಷರತ್ತು. ರಿಜಿಸ್ಟ್ರೇಷನ್ ಆದಮೇಲೆ ಒಂದು ಕುಟುಂಬ ಹೊರಟರೆ ಅದರ 86 ಲಕ್ಷ ಹಿಂದಿರುಗಿಸಲು ಉಳಿದ ಐವರು ತಲಾ 17 ಲಕ್ಷಕ್ಕೂ ಮಿಕ್ಕಿ ಹೊಂದಿಸಬೇಕಾಗುತ್ತದೆ. ಕಟ್ಟಡ ಮುಗಿಯುವವರೆಗೂ ಆರನೆಯವರು ಸಿಗದಿದ್ದರೆ ತಲಾ ಹೊರೆ 28.5 ಲಕ್ಷ ಏರುತ್ತದೆ. ಬದಲಿ ಕುಟುಂಬ ಬಂದು ದುಡ್ಡು ಕೊಟ್ಟಾಗಲೇ ಹಿಂದಿರುಗಿಸುವುದು, ಅಲ್ಲಿಯವರೆಗೆ ಬಡ್ಡಿಯಿಲ್ಲ ಎಂಬ ಷರತ್ತು ಕಟುವಾಗಿ ಕಂಡರೂ ಅದೇ ನ್ಯಾಯ. ಇದರ ಜೊತೆಗೆ ಆರಂಭದಲ್ಲೇ ತಲಾ ಒಂದೆರಡು ಲಕ್ಷವನ್ನು ಹಿಂದಿರುಗದ ದುಡ್ಡೆಂದು ಕಟ್ಟಿಸಿಕೊಳ್ಳುವುದು ಒಳ್ಳೆಯದು. ಮೂಲಪತ್ರ ಮತ್ತು ಇಸಿ ನೋಡುವ ವಕೀಲರ ಫೀಸು, ಮಣ್ಣು ಪರೀಕ್ಷೆ, ಮೊದಲ ನಕ್ಷೆ ಅದರಲ್ಲಿ ಆಗುತ್ತವೆ. ಈ ಅಂಕಣಕಾರರು ಸದಸ್ಯರಾಗಿ ಕೂತಿದ್ದ ಗುಂಪಿನಲ್ಲಿ ಚೆಕ್ ಕೇಳಿದ ವಾರವೇ ಉತ್ಸಾಹಿಗಳ ಸಂಖ್ಯೆ ಅರ್ಧಕ್ಕಿಳಿಯಿತು. ಉಳಿದವರು ಕೊನೆತನಕ ಉಳಿದರು.

ಎಲ್ಲರ ಬಳಕೆಯ ಜಾಗಕ್ಕೆ ಎಷ್ಟು ಖರ್ಚು ಎಂಬುದನ್ನು ಬಿಡಿಯಾಗಿ ನೋಡಬೇಕು. ಉದಾಹರಣೆಯಲ್ಲಿ ಜಾಗವೂ ಸೇರಿ ಚದರಡಿಯ ಬೆಲೆ 10,200 ರೂಪಾಯಿ ಸುಮಾರು. 1,200 ಚದರಡಿಗೆ 1.22 ಕೋಟಿ, ಕುಟುಂಬಕ್ಕೆ 20 ಲಕ್ಷಕ್ಕೂ ಹೆಚ್ಚು. ಮುಂದೆ ಮಾರುವಾಗ ಕೊಳ್ಳುವವರು ಬೆಲೆ ಕಟ್ಟುವುದು ಮನೆಯೊಳಗಿನ ಅಳತೆಗೆ, ಬ್ಯಾಂಕಿನ ವ್ಯಾಲ್ಯುಯರ್ ಕೂಡ ಅಷ್ಟೇ. ಆದ್ದರಿಂದ ಇದನ್ನು ಹೂಡಿಕೆ ಎನ್ನದೆ ಬದುಕಿನ ಖರ್ಚೆಂದೇ ಬರೆದುಕೊಳ್ಳಬೇಕು. ಈ ದುಡ್ಡು ದಕ್ಕುವುದು ಮನೆಗಳನ್ನು ಚಿಕ್ಕದು ಮಾಡಿದರೆ ಮಾತ್ರ. ವರ್ಷಕ್ಕೆ ನಾಲ್ಕಾರು ದಿನ ನೆಂಟರು ಮಲಗಿ, ಉಳಿದ ದಿನ ಸೂಟ್‌ಕೇಸು, ಇಸ್ತ್ರಿಯಾಗದ ಬಟ್ಟೆ ತುಂಬಿರುವ ಕೋಣೆಯನ್ನು ಅದರ ಬಚ್ಚಲು ಸಮೇತ ಕೈಬಿಟ್ಟರೆ 160 ಚದರಡಿ, 16 ಲಕ್ಷ ಉಳಿಯುತ್ತದೆ. ಆರು ಮನೆಗೆ ಎರಡು ಅತಿಥಿ ಕೋಣೆ ಸಾಕು. ಮನೆಯೊಳಗಿನ ಕೋಣೆಯೂ ಬೇಕು, ಕೆಳಗಿನದೂ ಬೇಕು ಎಂದರೆ ಬಿಲ್ಡರ್ ಫ್ಲ್ಯಾಟೇ ಅಗ್ಗ.

ಎಲ್ಲರ ಅಡುಗೆಮನೆಯಲ್ಲಿ ಡೆನ್ಮಾರ್ಕಿನವರಿಗೆ ಇಲ್ಲದ ಒಂದು ಖರ್ಚು ಇಲ್ಲಿ ಸೇರುತ್ತದೆ. ಈ ಅಂಕಣಕಾರರಿದ್ದ ಗುಂಪಿನಲ್ಲಿ ಸಸ್ಯಾಹಾರ-ಮಾಂಸಾಹಾರದ ಚರ್ಚೆ ಸೈಟಿನ ಬೆಲೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಮೊಟ್ಟೆ ಒಳಗೆ ಬರಬಹುದು, ಮೀನು-ಮಾಂಸಕ್ಕೆ ಟೆರೇಸಿನಲ್ಲಿ ಬೇರೆ ಕಟ್ಟೆ, ಬೇರೆ ಸಿಂಕು, ಬೇರೆ ಪಾತ್ರೆ ಎಂದು ಕೊನೆಗೆ ತೀರ್ಮಾನವಾಯಿತು. ಅಂದಾಜು ಪಟ್ಟಿಗೆ ಹೊಸದೊಂದು ಸಾಲು ಬಿತ್ತು. ‘ನಮಗೆ ಹೊಂದುವವರನ್ನೇ ಸೇರಿಸಿಕೊಳ್ಳೋಣ’ ಎಂಬ ಮಾತು ನಮ್ಮ ಊರುಗಳಲ್ಲಿ ಬಹು ಬೇಗ ಜಾತಿಯ ಜರಡಿಯಾಗುತ್ತದೆ. ಎರಡನೇ ಸಿಂಕಿನ ಖರ್ಚು ಅದಕ್ಕಿಂತ ಎಷ್ಟೋ ಮೇಲು.

ಕಾನೂನಿನ ರೂಪಕ್ಕೆ ಆಯ್ಕೆಗಳು ಹೆಚ್ಚಿಲ್ಲ. ಕಂಪನಿಯ ಹೆಸರಿನಲ್ಲಿ ಸೈಟು ಕೊಂಡರೆ ಸದಸ್ಯರಿಗೆ ಗೃಹಸಾಲವೂ ಅದರ ತೆರಿಗೆ ಕಡಿತವೂ ಸಿಗುವುದು ಕಷ್ಟ. ಸಣ್ಣ ಗುಂಪಿಗೆ ಸಲೀಸಾದದ್ದು ಎಲ್ಲರ ಹೆಸರಿನಲ್ಲಿ ಜಂಟಿಯಾಗಿ ಕೊಂಡು, ಕಟ್ಟಡವನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ ನೋಂದಾಯಿಸುವುದು. ಯಾವ ಮನೆ ಯಾರದು ಎಂಬುದೂ ನೋಂದಾಯಿತ ಪತ್ರದಲ್ಲೇ ಇರಬೇಕು, ಬಾಯಿಮಾತಿನ ಹಂಚಿಕೆ ಮುಂದಿನ ತಲೆಮಾರಿಗೆ ಕೋರ್ಟು ಕಚೇರಿ ತೋರಿಸುತ್ತದೆ. ಜಾಗ 500 ಚದರ ಮೀಟರ್ ಅಥವಾ ಮನೆಗಳ ಸಂಖ್ಯೆ 8 ಮೀರದಿದ್ದರೆ ರೇರಾ ನೋಂದಣಿ ಬೇಕಿಲ್ಲ. ದೊಡ್ಡ ಗುಂಪು ಖರ್ಚು ಸರಿದೂಗಿಸಲು ಒಂದೆರಡು ಮನೆ ಹೊರಗಿನವರಿಗೆ ಮಾರಲು ಹೊರಟರೆ ಅದೇ ಬಿಲ್ಡರ್ ಆಗಿಬಿಡುತ್ತದೆ. ಮಂಜೂರಾದ ಪ್ಲಾನಿನಿಂದ ಬಾಲ್ಕನಿ ಮುಂದೆ ಚಾಚಿದರೆ ಸ್ವಾಧೀನಾನುಭವ ಪತ್ರ (ಒಸಿ) ಸಿಗುವುದು ಕಷ್ಟ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆ ಪತ್ರವಿಲ್ಲದ ಕಟ್ಟಡ ಕಾಯಂ ವಿದ್ಯುತ್ ಸಂಪರ್ಕಕ್ಕೇ ಪರದಾಡಬೇಕಾಗಿದೆ.

ಮಾರಾಟದ ಷರತ್ತು ಕೊನೆಯ ಕರಾರು. ಇಂಗ್ಲೆಂಡಿನ ಲೀಡ್ಸ್‌ನ ‘ಲೈಲಾಕ್’ನಲ್ಲಿ 2013ರಿಂದ 20 ಮನೆಗಳ ಒಡೆತನ ಪೂರ್ತಿ ಸಂಘದ್ದು. ಸದಸ್ಯರು ನಿವ್ವಳ ಆದಾಯದ ಶೇ 35ರಷ್ಟು ಕಟ್ಟುತ್ತ ಸಂಘದಲ್ಲಿ ಪಾಲು ಗಳಿಸುತ್ತಾರೆ, ಬಿಡುವಾಗ ಮಾರುಕಟ್ಟೆಯ ಪೂರ್ತಿ ಏರಿಕೆ ಕೈಗೆ ಬರುವುದಿಲ್ಲ. ಮಗಳ ಮದುವೆ, ಮಗನ ಓದಿಗೆ ಮನೆಯನ್ನೇ ಆಪತ್ಧನ ಮಾಡಿಕೊಂಡ ಬೆಂಗಳೂರಿನ ಕುಟುಂಬ ಇದನ್ನು ಒಪ್ಪುವುದು ಕಷ್ಟ. 1972ರ ಕಾಯ್ದೆಯಡಿ ಪ್ರತಿ ಮನೆಯೂ ಮಾರಬಹುದಾದ, ವಾರಸುದಾರರಿಗೆ ಹೋಗುವ ಆಸ್ತಿ, ಮಾರಲೇಬಾರದು ಎಂದು ಕಟ್ಟಿಹಾಕಲಾಗದು. ಮಾರುವ ಮೊದಲು 60 ಅಥವಾ 90 ದಿನ ಗುಂಪಿಗೆ ಅವಕಾಶ, ಬೆಲೆಯನ್ನು ಇಬ್ಬರು ಸ್ವತಂತ್ರ ವ್ಯಾಲ್ಯುಯರ್‌ಗಳ ಸರಾಸರಿಯಂತೆ ಕಟ್ಟುವುದು, ಯಾರೂ ಮುಂದೆ ಬಾರದಿದ್ದರೆ ಹೊರಗೆ ಮಾರಲು ಅಡ್ಡಿಯಿಲ್ಲ: ಇಷ್ಟನ್ನು ಕರಾರಿನಲ್ಲಿ ಬರೆಯಬಹುದು. ಸದಸ್ಯರು ತೀರಿಹೋದಾಗ ವಾರಸುದಾರರಿಗೂ ಇವೇ ಷರತ್ತು ಅನ್ವಯಿಸುತ್ತವೆ ಎಂಬ ಸಾಲನ್ನು ಸೇರಿಸಿ, ಮಕ್ಕಳ ಸಹಿಯನ್ನೂ ಅದೇ ದಿನ ಹಾಕಿಸಿಕೊಳ್ಳುವುದು ವಾಡಿಕೆಯಾಗಬೇಕು.