ಕಲ್ಲಿನ ಗುಡಿಗಳನ್ನು ನೋಡುವ ಕ್ರಮ



ಐಗುಪ್ತ ದೇಶದ ಪ್ರಾಚೀನ ದೇವಾಲಯಗಳನ್ನು ಕಾಣಲು ಪ್ರತಿವರ್ಷ ಲಕ್ಷಾಂತರ ಪ್ರವಾಸಿಗಳು ಹೋಗುವರು. ಕಾರ್ನಾಕಿನ 134 ಕಂಬಗಳ ಮಹಾಮಂಟಪದ ಚಿತ್ರವನ್ನು ಕಂಡು ನಮ್ಮ ಬಾಲಿಕೆಯರು ಬೆರಗಾಗುವುದುಂಟು. ಆದರೆ ಹಿರೇವಡ್ಡಟ್ಟಿಯವರಿಗೆ ಇಂತಹ ಯಾತ್ರೆಗಾಗಿ ಹಡಗು ಹತ್ತಬೇಕಾಗಿಲ್ಲ. ಅವರ ಮುಂಡರಗಿ ತಾಲೂಕಿನಲ್ಲಿಯೇ ಡಂಬಳವಿದೆ. ಗದಗಿನ ಮೂಡಲಿಗೆ ಲಕ್ಕುಂಡಿಯಿದೆ.

ಕ್ರೈಸ್ತ ಶಾಲೆಯ ಮಕ್ಕಳು ಗುಡಿಗಳಲ್ಲಿ ಕಲಿಯತಕ್ಕದ್ದೇನು ಎಂದು ಪೋಷಕರೊಬ್ಬರು ನಮ್ಮನ್ನು ಕೇಳಿದರು. ನೋಡುವುದನ್ನು ಕಲಿಯತಕ್ಕದ್ದು ಎಂದೆವು. ಪರರ ಪೂಜಾಸ್ಥಳದಲ್ಲಿ ಪಾದರಕ್ಷೆಯನ್ನು ಕಳಚಿ, ದನಿಯನ್ನು ತಗ್ಗಿಸಿ ನಡೆಯುವುದೂ ವಿದ್ಯೆಯೇ.

ಮೊದಲನೆಯದಾಗಿ, ಒಳಗೆ ನುಗ್ಗದೆ ಹೊರಗೆ ಒಂದು ಸುತ್ತು ಬರಬೇಕು. ಡಂಬಳದ ದೊಡ್ಡಬಸಪ್ಪನ ಗುಡಿಯು 12ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಗರ್ಭಗುಡಿಯ ಹೊರಮೈ 24 ಮೂಲೆಗಳ ನಕ್ಷತ್ರದಂತಿದೆ. ಈ ಆಕಾರದ ಗುಟ್ಟನ್ನು ಕಾಗದದ ಮೇಲೆ ತಿಳಿಯಬಹುದು. ವೃತ್ತವೊಂದನ್ನೆಳೆದು ಅದರೊಳಗೆ ಒಂದು ಚೌಕವನ್ನು ಬರೆಯಿರಿ. ಆ ಚೌಕವನ್ನು ನಡುಬಿಂದುವಿನ ಸುತ್ತ 15 ಅಂಶಗಳಷ್ಟು ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ಆರು ಚೌಕಗಳಾದಾಗ ನಾಲ್ಕಾರಲೆ ಇಪ್ಪತ್ತನಾಲ್ಕು ಮೂಲೆಗಳಾಗುವವು.

ಎರಡನೆಯದಾಗಿ, ಕಲ್ಲು ಎಂತಹದೆಂದು ವಿಚಾರಿಸಬೇಕು. ಬಾದಾಮಿ, ಪಟ್ಟದಕಲ್ಲುಗಳಲ್ಲಿರುವುದು ಮರಳುಗಲ್ಲು. ಇಲ್ಲಿಯದು ಬಳಪದ ಕಲ್ಲಿನ ಜಾತಿಯದು. ಅದು ಮೃದುವಾದುದರಿಂದಲೇ ಶಿಲ್ಪಿಯ ಉಳಿಗೆ ಒಲಿದು ಇಷ್ಟು ನವುರಾದ ಕೆತ್ತನೆಯನ್ನು ಕೊಟ್ಟಿತು. ಆದರೆ ಉಳಿಗೆ ಒಲಿದ ಕಲ್ಲು ಮೊಳೆಯನ್ನೂ ತಡೆಯಲಾರದು.

ಇದನ್ನು ನಾವು ದುಃಖದಿಂದ ತಿಳಿದೆವು. ಒಂದು ಪ್ರವಾಸದಲ್ಲಿ ನಮ್ಮ ಬಾಲಿಕೆಯೊಬ್ಬಳು, ನಕ್ಷತ್ರವನ್ನು ಎಲ್ಲರಿಗಿಂತ ಅಂದವಾಗಿ ಬರೆದವಳು, ಅದೇ ಕೈವಾರದ ಮೊನೆಯಿಂದ ಹಳೆಯ ಕಂಬವೊಂದರ ಮೇಲೆ ತನ್ನ ಹೆಸರಿನ ಎರಡಕ್ಷರಗಳನ್ನು ಗೀರಿದಳು. ನಾವು ಎಲ್ಲರೆದುರು ಗದರಿಸಿದೆವು, ಅವಳು ಅತ್ತಳು. ಆ ರಾತ್ರಿ ನಮಗೆ ನಿದ್ರೆ ಬಾರದು. ಕಲ್ಲು ಮೃದುವೆಂದು ಕಲಿಸಿದ ನಾವು, ಆದಕಾರಣ ಅದನ್ನು ಹೇಗೆ ಕಾಯಬೇಕೆಂದು ಕಲಿಸಿರಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಆದುದರಿಂದ ಮೂರನೆಯ ಪಾಠವನ್ನು ಲಕ್ಕುಂಡಿಯಲ್ಲಿ ಹೇಳಿದೆವು: ಗುಡಿಯಲ್ಲಿ ಯಾರ ಹೆಸರು ಉಳಿದಿದೆ, ಏಕೆ ಉಳಿದಿದೆ ಎಂದು ಕೇಳಬೇಕು. ಅಲ್ಲಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆಯೆಂದು 1007ರ ಶಾಸನವು ಸಾರುವುದು. ಪತಿಯನ್ನು ಕಳೆದುಕೊಂಡ ಆ ಮಹಿಳೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನಕವಿಗೆ ಆಶ್ರಯವಿತ್ತಳು. ಐಗುಪ್ತದಲ್ಲಿಯೂ ಕ್ರಿ. ಪೂ. 15ನೆಯ ಶತಮಾನದಲ್ಲಿ ಹತ್ಶೆಪ್ಸುತ್ ಎಂಬ ರಾಣಿಯು ಫರೋಹನ ಸಿಂಹಾಸನವೇರಿ ದೈರ್ ಅಲ್-ಬಹರಿಯಲ್ಲಿ ಭವ್ಯ ದೇವಾಲಯವನ್ನು ಕಟ್ಟಿಸಿದಳು. ಅವಳು ತೀರಿದ ಬಳಿಕ ಮೂರನೆಯ ಥುತ್ಮೋಸನ ಆಳ್ವಿಕೆಯಲ್ಲಿ ಅವಳ ಹೆಸರನ್ನೂ ರೂಪವನ್ನೂ ಅನೇಕ ಕಡೆ ಕೆತ್ತಿ ತೆಗೆದರು. ಉಳಿದ ಗುರುತುಗಳನ್ನೋದಿ ವಿದ್ವಾಂಸರು ಅವಳ ಕಥೆಯನ್ನು ಮರಳಿ ಪಡೆಯಬೇಕಾಯಿತು.

ಇದನ್ನೆಲ್ಲ ಕೇಳಿ ಆ ಬಾಲಿಕೆಯು ಮೆಲ್ಲನೆ, “ಅಕ್ಕೋರೇ, ನನ್ನ ಅಕ್ಷರಗಳನ್ನು ಉಜ್ಜಿ ತೆಗೆಯಬಹುದೇ?” ಎಂದಳು. ಉಜ್ಜಿದರೆ ಕಂಬವೇ ಸವೆಯುವುದು, ಬೇಡವೆಂದೆವು. ಮುಂದಿನ ಪ್ರವಾಸದಲ್ಲಿ ಚಿಕ್ಕ ತರಗತಿಯವರ ಕೈವಾರಗಳನ್ನೆಲ್ಲ ಬಾಗಿಲಲ್ಲಿಯೇ ಸಂಗ್ರಹಿಸಿ ಇಟ್ಟುಕೊಂಡವಳು ಅವಳೇ. ಯಾರೂ ಹೇಳಿರಲಿಲ್ಲ.

ತಾಯಂದಿರೇ, ತಂದೆಗಳೇ, ರಜೆಯಲ್ಲಿ ಮಕ್ಕಳನ್ನು ಡಂಬಳಕ್ಕೆ ಕರೆದೊಯ್ಯಿರಿ. ನಕ್ಷತ್ರವನ್ನು ಕಾಗದದ ಮೇಲೆ ಬರೆಯಿಸಿರಿ, ಹೆಸರನ್ನೂ ಅಲ್ಲಿಯೇ ಬರೆಯಿಸಿರಿ. ನಮ್ಮ ಬಾಲಿಕೆಯ ಎರಡಕ್ಷರಗಳು ಇಂದಿಗೂ ಆ ಕಂಬದ ಮೇಲಿವೆ. ಹೋದಾಗಲೆಲ್ಲ ನಾವು ಅವುಗಳನ್ನು ಓದಿ ಬರುವೆವು.